ಜಲವರ್ಣದ ಕೈಗೆ ಲಿನೋಕಟ್: ಮೂರು ಬಣ್ಣದ ಯುಗಾದಿ ಕಾರ್ಡ್

ಜಲವರ್ಣ ಮಾಡುವವರು ಹೊಸ ಮಾಧ್ಯಮ ಕಲಿಯಬೇಕೆಂದರೆ ನಾನು ಸೂಚಿಸುವುದು ಲಿನೋಕಟ್, ಅಂದರೆ ಲಿನೋ ಎಂಬ ಹಾಳೆಯನ್ನು ಉಳಿಯಿಂದ ಕೆತ್ತಿ, ಉಳಿದ ಮೇಲ್ಮೈಗೆ ಶಾಯಿ ಹಚ್ಚಿ ಕಾಗದಕ್ಕೆ ಅಚ್ಚೊತ್ತುವುದು, ಅದರಲ್ಲೂ ಒಂದೇ ಲಿನೋ ತುಂಡನ್ನು ಹಂತಹಂತವಾಗಿ ಕೆತ್ತುತ್ತ ಬಣ್ಣದ ಮೇಲೆ ಬಣ್ಣ ಅಚ್ಚೊತ್ತುವ ರಿಡಕ್ಷನ್ ವಿಧಾನ. ಕಾಗದದ ಬಿಳಿಯನ್ನು ಮೊದಲೇ ಉಳಿಸಿಕೊಳ್ಳಬೇಕು, ತಿಳಿ ಬಣ್ಣದಿಂದ ಗಾಢಕ್ಕೆ ಹೋಗಬೇಕು. ಈ ಎರಡೂ ಜಲವರ್ಣದವರಿಗೆ ರೂಢಿಯೇ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಎರಡನೇ ಬಣ್ಣಕ್ಕೆ ಕೆತ್ತಿದ ಮೇಲೆ ಮೊದಲನೆಯದು ಮತ್ತೆ ಸಿಗುವುದಿಲ್ಲ. ಎಷ್ಟು ಪ್ರತಿ ಬೇಕು ಎಂಬುದನ್ನು ಮೊದಲ ದಿನವೇ ತೀರ್ಮಾನಿಸಿರಬೇಕು.

ವಾರಾಂತ್ಯದ ಎರಡು ದಿನದ ಕಾರ್ಯಾಗಾರಗಳಲ್ಲಿ ಸಾಮಾನ್ಯವಾಗಿ ಕಪ್ಪು ಬಣ್ಣದ ಒಂದು ಅಚ್ಚಿಗಿಂತ ಮುಂದೆ ಹೋಗುವುದಿಲ್ಲ. ಅಷ್ಟು ಸಾಕು. ಉಳಿಯನ್ನು ಸಾಣೆ ಹಿಡಿಯುವುದು ಮತ್ತು ರೋಲರಿಗೆ ಎಷ್ಟು ಶಾಯಿ ಬೇಕೆಂಬ ಅಂದಾಜು, ಇವೆರಡನ್ನು ಮಾತ್ರ ಒಬ್ಬರ ಪಕ್ಕ ನಿಂತೇ ಕಲಿಯಬೇಕು. ಮಿಕ್ಕದ್ದು ಮನೆಯಲ್ಲಿ ಬರುತ್ತದೆ. ಹಣ ಕಟ್ಟುವ ಮುಂಚೆ ಈ ಎರಡನ್ನು ಹೇಳಿಕೊಡುತ್ತಾರೆಯೇ ಎಂದು ಕೇಳಿ. ಕೋರ್ಸ್ ಮುಗಿದ ಕೂಡಲೇ ಒಂದು ಸಣ್ಣ ಪ್ರಾಜೆಕ್ಟ್ ಕೈಗೆತ್ತಿಕೊಳ್ಳದಿದ್ದರೆ ಉಳಿಗಳು ಕಪಾಟು ಸೇರುತ್ತವೆ. ನಾನು ಹಾಕಿಕೊಂಡದ್ದು ಯುಗಾದಿ ಕಾರ್ಡ್: 10 × 14 ಸೆಂ.ಮೀ. ಚಿತ್ರ, ಬೇವಿನ ಎಲೆ, ಬೆಲ್ಲದ ತುಂಡು, ‘ಯುಗಾದಿ’ ಎಂಬ ಅಕ್ಷರ. 20 ಕಾರ್ಡ್ ಬೇಕಿದ್ದರೆ 28 ಹಾಳೆಯಿಂದ ಶುರು ಮಾಡಬೇಕು. ಪ್ರತಿ ಬಣ್ಣಕ್ಕೂ ಎರಡು ಮೂರು ಹಾಳೆ ಹಾಳಾಗುವುದು ಸಹಜ.

ಕೆತ್ತುವ ಮುಂಚೆ ಲಿನೋ ಮೇಲ್ಮೈಯನ್ನು 400 ನಂಬರಿನ ಮರಳು ಕಾಗದದಿಂದ ಹಗುರವಾಗಿ ಉಜ್ಜಿ ಒರೆಸಿಕೊಳ್ಳಿ. ಜಿಡ್ಡು ಹೋಗಿ ಶಾಯಿ ಸಮನಾಗಿ ಹಿಡಿಯುತ್ತದೆ. ಲಿನೋ ಎಂದರೆ ಅಗಸೆ ಎಣ್ಣೆ, ಬೆಂಡಿನ ಪುಡಿ ಸೇರಿಸಿ ಸೆಣಬಿನ ಬಟ್ಟೆಯ ಮೇಲೆ ಎರೆದದ್ದು. ಹಳೆಯದಾದಷ್ಟೂ ಗಟ್ಟಿಯಾಗಿ ಪುಡಿ ಉದುರುತ್ತದೆ. ಹತ್ತು ನಿಮಿಷ ಬಿಸಿಲಿಗಿಟ್ಟರೆ ಬೆಣ್ಣೆಯಂತೆ ಕೆತ್ತಬಹುದು.

ಚಿತ್ರವನ್ನು ಟ್ರೇಸಿಂಗ್ ಹಾಳೆಯಲ್ಲಿ ಮೆತ್ತನೆ ಪೆನ್ಸಿಲಿನಿಂದ ಬರೆದು, ಬರೆದ ಬದಿ ಲಿನೋಗೆ ತಾಗುವಂತೆ ಮಗುಚಿ ಹಿಂದಿನಿಂದ ಉಜ್ಜಿದರೆ ಅಕ್ಷರ ತಾನಾಗಿಯೇ ಕನ್ನಡಿ ಬಿಂಬವಾಗುತ್ತದೆ. ಆಮೇಲೆ ಅದರ ಮೇಲೆ ಮಾಸದ ಮಾರ್ಕರಿನಿಂದ ತಿದ್ದಿಕೊಳ್ಳಿ, ಇಲ್ಲವಾದರೆ ಮೊದಲ ಬಣ್ಣ ಒರೆಸುವಾಗ ಗೆರೆಗಳೂ ಹೋಗುತ್ತವೆ. ಕನ್ನಡ ಅಕ್ಷರಗಳಲ್ಲಿ ನೇರ ಗೆರೆ ಕಡಿಮೆ, ಎಲ್ಲ ತಿರುವೇ. ಉಳಿಯನ್ನು ತಿರುಗಿಸಬೇಡಿ, ಉಳಿ ಹಿಡಿದ ಕೈ ನಿಂತಲ್ಲೇ ಇರಲಿ, ಇನ್ನೊಂದು ಕೈ ಲಿನೋವನ್ನು ತಿರುಗಿಸಲಿ. ಆ ಕೈ ಸದಾ ಉಳಿಯ ಹಿಂದೆಯೇ ಇರಬೇಕು. ಬಿಳಿ ಅಕ್ಷರವಾದರೆ ಕೆತ್ತಿ ತೆಗೆಯುವುದು ಅಕ್ಷರವನ್ನೇ, ಆಗ ‘ದಿ’ಯ ಗುಡಿಸಿನ ಒಳಗೆ ಪುಟ್ಟ ದ್ವೀಪವೊಂದು ಉಳಿಯುತ್ತದೆ. ಅದು 3 ಮಿ.ಮೀ.ಗಿಂತ ಕಿರಿದಾದರೆ ರೋಲರ್ ಆಡಿಸುವಾಗ ಕಿತ್ತು ಬರುತ್ತದೆ. ಅಕ್ಷರವನ್ನು 2 ಸೆಂ.ಮೀ. ಎತ್ತರಕ್ಕಿಂತ ಚಿಕ್ಕದು ಮಾಡದಿರುವುದು ಇದಕ್ಕೇ. ಬಿಳಿ ಗೆರೆಯೊಂದೇ ಎಷ್ಟು ಹೇಳಬಲ್ಲದು ಎಂದು ನೋಡಬೇಕಿದ್ದರೆ ಬಂಗಾಳದ ಕಲಾವಿದ ನಂದಲಾಲ್ ಬೋಸ್ 1930ರಲ್ಲಿ ಮಾಡಿದ, ಕೋಲು ಹಿಡಿದು ನಡೆಯುವ ಗಾಂಧಿಯ ಲಿನೋಕಟ್ ಮುಂದಿಟ್ಟುಕೊಳ್ಳಿ.

ಬಣ್ಣಗಳ ಸರದಿ ಹೀಗೆ. ಮೊದಲು ಅಕ್ಷರವನ್ನು ಕೆತ್ತಿ ಇಡೀ ಲಿನೋವನ್ನು ಬೆಲ್ಲದ ಹಳದಿಯಲ್ಲಿ ಅಚ್ಚೊತ್ತುವುದು. ಬಳಿಕ ಬೆಲ್ಲದ ತುಂಡುಗಳನ್ನು ಕೆತ್ತಿ ತೆಗೆದು ಹಸಿರು. ಕೊನೆಗೆ ಎಲೆಗಳನ್ನೂ ತೆಗೆದು, ಉಳಿದ ಹಿನ್ನೆಲೆ ಮತ್ತು ಎಲೆಯ ನರಗಳಿಗೆ ಗಾಢ ಕಂದು. ಹಳದಿಯ ಮೇಲೆ ಬಿದ್ದ ಹಸಿರು ಹಳದಿಯತ್ತ ವಾಲುತ್ತದೆ, ಆದ್ದರಿಂದ ಡಬ್ಬಿಯಲ್ಲಿ ಅದು ಬೇಕಾದದ್ದಕ್ಕಿಂತ ನೀಲಿ ಎನಿಸಬೇಕು. 28 ಹಾಳೆಗೆ ಒಂದೊಂದು ಬಣ್ಣವೂ ಸುಮಾರು ಎರಡು ಟೀ ಚಮಚ ಬೇಕು. ಒಮ್ಮೆಗೇ ಕಲಸಿಕೊಳ್ಳಿ, ಅರ್ಧಕ್ಕೆ ಮುಗಿದರೆ ಅದೇ ಛಾಯೆ ಮತ್ತೆ ಬರುವುದು ಕಷ್ಟ.

ಯುಗಾದಿ ಬರುವುದು ಬಿಸಿಲುಗಾಲದಲ್ಲಿ. ನೀರಿನ ಶಾಯಿ ಆಗ ಅದನ್ನು ಹರಡಿಕೊಳ್ಳುವ ಗಾಜಿನ ಮೇಲೇ ಒಣಗತೊಡಗುತ್ತದೆ. ಎಣ್ಣೆ ಶಾಯಿಯೇ ಲೇಸು. ಗಾಜಿನ ಮೇಲೆ ತೆಳ್ಳಗೆ ಹರಡಿ ರೋಲರ್ ಆಡಿಸಿದಾಗ ಸಣ್ಣಗೆ ಸರಸರ ಸದ್ದು ಬರಬೇಕು. ಪಚಪಚ ಎಂದರೆ ಶಾಯಿ ಹೆಚ್ಚಾಯಿತು, ಅಕ್ಷರದ ಗೆರೆ ಮುಚ್ಚಿಹೋಗುತ್ತದೆ.

ಬಣ್ಣ ಬಣ್ಣದ ಮೇಲೆ ಸರಿಯಾಗಿ ಕೂರಲು ಒಂದು ಹಲಗೆಯ ಮೇಲೆ ದಪ್ಪ ರಟ್ಟಿನ ಎರಡು ಎಲ್ ಆಕಾರದ ಮೂಲೆ ಅಂಟಿಸಿ: ಒಳಗಿನದು ಲಿನೋಗೆ, ಹೊರಗಿನದು ಕಾಗದಕ್ಕೆ. ರಟ್ಟು ಲಿನೋದಷ್ಟೇ, ಸುಮಾರು 3 ಮಿ.ಮೀ. ದಪ್ಪವಿರಲಿ. ಹಾಳೆಗಳ ಅಂಚು ಕಟ್ಟರಿನಲ್ಲಿ ನೇರವಾಗಿ ಕತ್ತರಿಸಿರಬೇಕು. ಕೈಕಾಗದದ ಹರಕು ಅಂಚು ಇಲ್ಲಿ ನಡೆಯುವುದಿಲ್ಲ. ಮೂಲೆಗೆ ತಾಗುವ ತುದಿಗೆ ಹಿಂಬದಿ ಪೆನ್ಸಿಲ್ ಗುರುತು ಹಾಕಿ ಮೂರು ಸಲವೂ ಅದೇ ತುದಿಯನ್ನೇ ಕೂರಿಸಿ. ಕಾಗದದ ಬೆನ್ನನ್ನು ಕೈಯಿಂದ ಉಜ್ಜಿ ಅಚ್ಚೊತ್ತುವುದಾದರೆ 100 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಆಸುಪಾಸಿನ ನುಣುಪು ಕಾಗದ ತೆಗೆದುಕೊಂಡು ಕೊನೆಗೆ ದಪ್ಪ ಕಾರ್ಡಿಗೆ ಅಂಟಿಸುವುದು ಸುಲಭ. ದಪ್ಪ ಕಾಗದಕ್ಕೆ ಒತ್ತುವ ಯಂತ್ರ, ಅಂದರೆ ಪ್ರೆಸ್ ಬೇಕು. ಉಜ್ಜಲು ಸ್ಟೀಲ್ ಚಮಚದ ಬೆನ್ನು ಸಾಕು, ನಡುವಿನಿಂದ ಅಂಚಿಗೆ.

ಒಂದು ಬಣ್ಣದಿಂದ ಇನ್ನೊಂದಕ್ಕೆ ಎರಡು ಮೂರು ದಿನ ಬಿಡಬೇಕು, ಮುಟ್ಟಿದರೆ ಅಂಟದಷ್ಟು. ತೀರಾ ಒಣಗಿ ಹೊಳಪೇರಿದರೆ ಮೇಲಿನ ಬಣ್ಣ ಹಿಡಿಯದೆ ಚುಕ್ಕೆಚುಕ್ಕೆಯಾಗಿ ನಿಲ್ಲುತ್ತದೆ. ಮೊದಲೆರಡು ಪದರ ತೆಳುವಾಗಿದ್ದರೆ ಈ ತೊಂದರೆ ಬಹುಪಾಲು ಬರುವುದೇ ಇಲ್ಲ.

ಗಾಜು, ರೋಲರ್ ತೊಳೆಯಲು ಸೀಮೆಎಣ್ಣೆ ಬೇಡ. ಅಡುಗೆ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಪಾತ್ರೆ ತೊಳೆಯುವ ಸೋಪು. ಅಗಸೆ ಎಣ್ಣೆಯ ಶಾಯಿ ಹಿಡಿದ ಚಿಂದಿಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ಅಚ್ಚಿನ ಕೆಳಗೆ ಪೆನ್ಸಿಲಿನಿಂದಲೇ 1/20, 2/20 ಎಂದು (ಇಪ್ಪತ್ತರಲ್ಲಿ ಎಷ್ಟನೆಯ ಪ್ರತಿ ಎಂದು) ಬರೆದು ಸಹಿ ಮಾಡಿ. ಕೊನೆಯ ಬಣ್ಣದ ನಂತರ ಒಂದು ವಾರವಾದರೂ ಒಂದರ ಮೇಲೊಂದು ಪೇರಿಸಬೇಡಿ. ಲಕೋಟೆಗೆ ಹಾಕುವಾಗ ಚಿತ್ರದ ಮೇಲೊಂದು ಬಟರ್ ಪೇಪರ್ ಇಡಿ.