ಪಕ್ಕವಾದ್ಯದವರಿಗೂ ಒಂದು ಪುಟ: ವಿಕಿಪೀಡಿಯದಲ್ಲಿ ನನ್ನ ಅನುಭವ

ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಸಂಗೀತಗಾರರ ಪುಟಗಳೇ ಇಲ್ಲ ಅಂತೇನಲ್ಲ. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಇದ್ದಾರೆ. ಆದರೆ ಇಂಥವರ ಪಕ್ಕದಲ್ಲಿ ಕೂತು ಇಡೀ ಕಛೇರಿ ತಬಲಾ ನುಡಿಸಿದವರು, ಹಾರ್ಮೋನಿಯಂ ಸಾಥ್ ಕೊಟ್ಟವರು, ಖಂಜಿರ ಮೋರ್ಸಿಂಗ್‌ನವರು ಎಲ್ಲಿ? ಬಹಳಷ್ಟು ಹೆಸರುಗಳಿಗೆ ಕೆಂಪು ಕೊಂಡಿಯೇ ಗತಿ, ಅಂದರೆ ಹೆಸರಿದೆ, ಪುಟ ಇಲ್ಲ. ಎಷ್ಟೋ ಹೆಸರುಗಳಿಗೆ ಅದೂ ಇಲ್ಲ. ನಾನು ಮತ್ತು ಕೆಲವು ಗೆಳೆಯರು ಕೈ ಹಾಕಿದ್ದು ಈ ಜಾಗಕ್ಕೆ.

ಮೊದಲು ಪಟ್ಟಿ ಬೇಕಿತ್ತು. ನೆನಪಿನಿಂದ ಮಾಡಿದ ಪಟ್ಟಿಯಲ್ಲಿ ನಮಗೆ ಇಷ್ಟವಾದವರಷ್ಟೇ ಬರುತ್ತಾರೆ. ಹಾಗಾಗಿ ಪದ್ಮ ಪ್ರಶಸ್ತಿ, ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, ನಮ್ಮ ರಾಜ್ಯದ ಕರ್ನಾಟಕ ಕಲಾಶ್ರೀ, ಇವುಗಳ ಪಟ್ಟಿ ಹಿಡಿದು ಕೂತೆವು. ಇದರಿಂದ ಇನ್ನೊಂದು ಲಾಭವಿದೆ. ಪುಟ ಬರೆದ ಮೇಲೆ ಯಾರಾದರೂ ‘ಈ ವ್ಯಕ್ತಿ ಗಮನಾರ್ಹರೇ?’ ಎಂದು ಕೇಳಿದರೆ ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ.

ನಿಜವಾದ ಕಷ್ಟ ಶುರುವಾಗುವುದು ಆಧಾರ ಹುಡುಕುವಾಗ. ಪಕ್ಕವಾದ್ಯದವರ ಬಗ್ಗೆ ಇಂಟರ್‌ನೆಟ್‌ನಲ್ಲಿ ಸಿಗುವುದು ತೀರಾ ಕಡಿಮೆ. ಸಿಕ್ಕರೂ ಅವರೇ ಬರೆಸಿದ ಪರಿಚಯಪತ್ರ ಇರುತ್ತದೆ. ಅದನ್ನು ಸ್ವತಂತ್ರ ಆಧಾರ ಎನ್ನಲಾಗದು. ಸರಕು ಇರುವುದು ಲೈಬ್ರರಿಗಳಲ್ಲಿ: ಪತ್ರಿಕೆಗಳ ಹಳೆಯ ಸಾಪ್ತಾಹಿಕ ಪುರವಣಿ, ಅಭಿನಂದನ ಗ್ರಂಥ, ಸಂಗೀತ ಸಭೆಗಳ ಸ್ಮರಣ ಸಂಚಿಕೆ. ನನ್ನ ಮಟ್ಟಿಗೆ ಸ್ಮರಣ ಸಂಚಿಕೆಯಷ್ಟು ಉಪಯೋಗದ ವಸ್ತು ಬೇರೆ ಇಲ್ಲ. ಗಾಯಕರ ಜೊತೆ ಯಾರು ನುಡಿಸಿದರು ಎಂಬುದು ಅಲ್ಲಿ ಮಾತ್ರ ತಪ್ಪದೆ ಅಚ್ಚಾಗಿರುತ್ತದೆ. ಅಭಿನಂದನ ಗ್ರಂಥದಲ್ಲಿ ಹೊಗಳಿಕೆ ಜಾಸ್ತಿ. ‘ನಾದಲೋಕದ ಧ್ರುವತಾರೆ’ಯನ್ನೆಲ್ಲ ಪಕ್ಕಕ್ಕಿಟ್ಟು ಹುಟ್ಟಿದ ಊರು, ಗುರು, ಆಕಾಶವಾಣಿಯ ಶ್ರೇಣಿ, ಕಲಿಸಿದ ಸಂಸ್ಥೆ ಇಷ್ಟನ್ನು ಹೆಕ್ಕಿದರೆ ಎಂಟು ಪುಟದ ಲೇಖನದಿಂದ ಎಂಟು ಸಾಲು ಸಿಗುತ್ತದೆ. ಅಷ್ಟು ಸಾಕು.

ಹಿರಿಯ ರಸಿಕರ ಹತ್ತಿರವೂ ಹೋದೆವು. ಒಬ್ಬರು ಅರ್ಧ ಶತಮಾನದ ಕಛೇರಿಗಳನ್ನು ತಾಳ ಹಾಕುತ್ತಲೇ ಹೇಳುತ್ತಾ ಹೋದರು. ಕೊನೆಗೆ ‘ನಾನೇ ಮುಂದೆ ಕೂತು ಕೇಳೀನಿ, ಬರ್ಕೊಳ್ರಿ’ ಅಂದರು. ಅವರ ಮಾತಿನಲ್ಲಿ ನನಗೆ ಅನುಮಾನ ಇರಲಿಲ್ಲ. ಆದರೆ ಎಲ್ಲೂ ಪ್ರಕಟವಾಗದ ನೆನಪನ್ನು ವಿಕಿಪೀಡಿಯ ಒಪ್ಪುವುದಿಲ್ಲ. ‘ಅಜ್ಜಾರ, ಇದು ಎಲ್ಲಾದ್ರೂ ಅಚ್ಚಾಗೇದೇನ್ರಿ?’ ಎಂದು ಕೇಳಿದ್ದಕ್ಕೆ ಒಂದು ಕಟ್ಟು ಆಮಂತ್ರಣ ಪತ್ರಿಕೆ ತಂದು ಮುಂದಿಟ್ಟರು. ಆಮಂತ್ರಣದಿಂದ ಕಛೇರಿ ನಿಗದಿಯಾಗಿತ್ತು ಅಂತ ಮಾತ್ರ ತಿಳಿಯುತ್ತದೆ, ನಡೆಯಿತು ಅಂತಲ್ಲ. ಆದರೂ ತಾರೀಖು ಸಿಕ್ಕಿತಲ್ಲ! ಆ ತಾರೀಖು ಹಿಡಿದು ಪತ್ರಿಕೆಯ ಹಳೆಯ ಸಂಪುಟ ತೆಗೆಸಿದರೆ ಕೆಲವು ಸಲ ವರದಿಯೇ ಸಿಗುತ್ತದೆ.

ಇರುವ ಪುಟಗಳನ್ನು ಸರಿಮಾಡುವುದೂ ಸಣ್ಣ ಕೆಲಸವಲ್ಲ. ಭೀಮಸೇನ ಜೋಶಿಯವರು ಈಗಿನ ಗದಗ ಜಿಲ್ಲೆಯಲ್ಲಿ ಹುಟ್ಟಿದ್ದು 1922ರಲ್ಲಿ. ಗದಗ ಜಿಲ್ಲೆಯಾಗಿದ್ದು 1997ರಲ್ಲಿ. ಅವರು ಹುಟ್ಟಿದಾಗ ಅದೆಲ್ಲ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಪುಟದ ಮೇಲ್ಭಾಗದ ಮಾಹಿತಿ ಚೌಕಟ್ಟಿನಲ್ಲಿ ಆಗಿನ ಹೆಸರು ಹಾಕಿ, ಪಕ್ಕದಲ್ಲಿ ‘ಈಗ ಗದಗ ಜಿಲ್ಲೆ’ ಎಂದು ಸೇರಿಸುವುದು ನಮ್ಮ ಕ್ರಮ. ‘ಇವರು ಯಾವ ರಾಜ್ಯದವರು’ ಎಂಬ ಜಗಳವೂ ಆಗಾಗ ಏಳುತ್ತದೆ. ಕುಮಾರ ಗಂಧರ್ವರು ಬೆಳಗಾವಿ ಹತ್ತಿರದ ಸೂಳೆಭಾವಿಯಲ್ಲಿ ಹುಟ್ಟಿ ಮಧ್ಯಪ್ರದೇಶದ ದೇವಾಸದಲ್ಲಿ ಬಾಳಿದವರು. ಪುಟವನ್ನು ಎರಡೂ ರಾಜ್ಯಗಳ ವರ್ಗಕ್ಕೆ ಸೇರಿಸಿದರೆ ಮುಗಿಯಿತು. ಸುಮ್ನೆ ‘ಅರಳಿ ಕಟ್ಟೆ’ ಎಂಬ ವಿಕಿಪೀಡಿಯದ ಸಾರ್ವಜನಿಕ ಚರ್ಚೆಯ ಪುಟದಲ್ಲಿ ವಾರಗಟ್ಟಲೆ ವಾದ ಮಾಡುವುದರಲ್ಲಿ ನನಗೆ ಆಸಕ್ತಿಯಿಲ್ಲ.

ಹೆಸರಿನ ಕಾಗುಣಿತಕ್ಕೂ ಅಷ್ಟೆ. ಜೋಶಿ, ಜೋಷಿ ಎರಡರಲ್ಲೂ ಜನ ಹುಡುಕುತ್ತಾರೆ. ಒಂದರಿಂದ ಇನ್ನೊಂದಕ್ಕೆ ಪುನರ್ನಿರ್ದೇಶನ ಕೊಟ್ಟರಾಯಿತು.

ಫೋಟೊ ಮಾತ್ರ ದೊಡ್ಡ ತಲೆನೋವು. ಕಲಾವಿದರ ಮನೆಯವರು ಪ್ರೀತಿಯಿಂದ ಆಲ್ಬಮ್ಮೇ ಕೊಡುತ್ತಾರೆ. ಅದರಲ್ಲಿರುವುದು ಪತ್ರಿಕೆಯವರು ತೆಗೆದ ಚಿತ್ರವಾದರೆ ಹಕ್ಕು ಮನೆಯವರದ್ದಲ್ಲ. ಭಾರತದಲ್ಲಿ ಫೋಟೊ ಪ್ರಕಟವಾಗಿ 60 ವರ್ಷ ದಾಟಿದರೆ ಕೃತಿಸ್ವಾಮ್ಯ ಮುಗಿಯುತ್ತಿತ್ತು; 2012ರ ತಿದ್ದುಪಡಿಯ ನಂತರ ಅದು ಫೋಟೊ ತೆಗೆದವರು ತೀರಿಕೊಂಡು 60 ವರ್ಷ ಆಗುವವರೆಗೂ ಇರುತ್ತದೆ. ಸಾಲದ್ದಕ್ಕೆ ಚಿತ್ರಗಳನ್ನು ಇಡುವ ವಿಕಿಮೀಡಿಯ ಕಾಮನ್ಸ್ ಅಮೆರಿಕದ ಕಾನೂನನ್ನೂ ನೋಡುತ್ತದೆ. ಇದನ್ನೆಲ್ಲ ವಿವರಿಸುವಷ್ಟರಲ್ಲಿ ಚಹಾ ಆರಿರುತ್ತದೆ. ಬದುಕಿರುವ ಕಲಾವಿದರಾದರೆ ದಾರಿ ಸುಲಭ: ಕಛೇರಿಗೆ ಹೋಗಿ, ಅವರನ್ನೂ ಸಂಘಟಕರನ್ನೂ ಕೇಳಿ ನಾವೇ ತೆಗೆಯುವುದು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ನಡೆಯುತ್ತಿರುವ ರಾಮನವಮಿ ಸಂಗೀತೋತ್ಸವದಂಥ ಕಡೆ ಒಂದೇ ಸಂಜೆ ವೇದಿಕೆಯ ಮೇಲೆ ನಾಲ್ಕೈದು ಜನ ಸಿಗುತ್ತಾರೆ. ಎಲ್ಲರ ಕ್ಯಾಮೆರಾ ಹಾಡುವವರ ಕಡೆ ತಿರುಗಿರುವಾಗ ನಾನು ಘಟಂ ಕಡೆ ತಿರುಗಿಸುತ್ತೇನೆ.

ಘಟಂ ಅಂದಾಗ ಸುಕನ್ಯಾ ರಾಮಗೋಪಾಲ್ ನೆನಪಾಗುತ್ತಾರೆ. ಹರಿಹರ ಶರ್ಮ ಮತ್ತು ವಿಕ್ಕು ವಿನಾಯಕರಾಂ ಅವರಲ್ಲಿ ಕಲಿತು, ಹೆಂಗಸರು ಕೈಯಿಡದಿದ್ದ ವಾದ್ಯವನ್ನು ವೇದಿಕೆಗೆ ತಂದವರು. ಲಯವಾದ್ಯ ನುಡಿಸುವ ಮಹಿಳೆಯರ ಬಗ್ಗೆ ಹುಡುಕಿದರೆ ‘ಹೆಣ್ಣಾಗಿಯೂ ನುಡಿಸುತ್ತಾರೆ’ ಎಂಬ ಬೆರಗೇ ವರದಿಗಳಲ್ಲಿ ತುಂಬಿರುತ್ತದೆ. ಯಾರಿಗೆ ನುಡಿಸಿದರು, ಏನು ಕಲಿಸಿದರು ಎಂಬುದು ಕೊನೆಯ ಪ್ಯಾರಾದಲ್ಲಿ ಎಲ್ಲೋ ಇರುತ್ತದೆ. ನಾವು ಆ ಕೊನೆಯ ಪ್ಯಾರಾದಿಂದಲೇ ಶುರುಮಾಡುತ್ತೇವೆ.

ಹೊಸದಾಗಿ ಬರುವವರು ಹೆಚ್ಚಾಗಿ ಸಂಗೀತದ ವಿದ್ಯಾರ್ಥಿಗಳು, ಬರೆಯಲು ಬಯಸುವುದು ತಮ್ಮ ಗುರುಗಳ ಬಗ್ಗೆ. ಅವರಿಗೆ ಬೇರೆಯವರ ಗುರುಗಳನ್ನು ಕೊಡುತ್ತೇನೆ. ಮುನಿಸಿಕೊಳ್ಳುತ್ತಾರೆ, ಆದರೆ ಪುಟ ಚೆನ್ನಾಗಿ ಬರುತ್ತದೆ. ಮೊದಲು ಕರಡು ಬರೆದು ಕಲಿಯುವ ಪ್ರಯೋಗಪುಟದಲ್ಲಿ ಬರೆಸುತ್ತೇನೆ. ಪ್ರತಿ ವೆಬ್ ಲಿಂಕನ್ನೂ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಳಿಸಲು ಹೇಳುತ್ತೇನೆ, ಯಾಕೆಂದರೆ ಪತ್ರಿಕೆಗಳ ಕೊಂಡಿಗಳು ಬೇಗ ಸಾಯುತ್ತವೆ. ಇಷ್ಟಾದರೂ ಕೆಲವು ಪುಟಗಳಿಗೆ ‘ಅಳಿಸಬೇಕು’ ಎಂಬ ಫಲಕ ಬೀಳುತ್ತದೆ. ಆಗ ಫಲಕ ಕಿತ್ತು ಹಾಕುವ ಬದಲು ಚರ್ಚೆ ಪುಟಕ್ಕೆ ಹೋಗಿ, ಪತ್ರಿಕೆಯ ಹೆಸರು, ತಾರೀಖು, ಪುಟಸಂಖ್ಯೆ ಬರೆಯಬೇಕು. ಅಚ್ಚಿನ ಆಧಾರಕ್ಕೆ ಲಿಂಕ್ ಇರಲೇಬೇಕೆಂಬ ನಿಯಮ ವಿಕಿಪೀಡಿಯದಲ್ಲಿಲ್ಲ. ಇದು ಹಳಬರಲ್ಲೂ ಎಷ್ಟೋ ಜನಕ್ಕೆ ಗೊತ್ತಿಲ್ಲ.