ಇಲಿ ಬಾಣಂತಿಯ ಮುಂದೆ ಕೂತು ಎಣಿಸಿದ್ದು

ಮೂರು ನಿಮಿಷಕ್ಕೊಮ್ಮೆ ತಲೆ ಎತ್ತಿ ಒಂದೊಂದೇ ಪಂಜರ ನೋಡಬೇಕು, ಹಾಳೆಯಲ್ಲಿ ಗುರುತು ಹಾಕಬೇಕು: ತಾಯಿ ಗೂಡಲ್ಲಿದ್ದಾಳಾ, ಹಾಲು ಕುಡಿಸುತ್ತಿದ್ದಾಳಾ, ಮರಿ ನೆಕ್ಕುತ್ತಿದ್ದಾಳಾ. ಒಂದು ಸರದಿಗೆ 25 ಸಲ, ದಿನಕ್ಕೆ 5 ಸರದಿ, ಹೆರಿಗೆಯಾದ ಮೇಲೆ 6 ದಿನ. ಒಬ್ಬ ಬಾಣಂತಿಗೆ 750 ಗುರುತು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕೆಲ್ ಮೀನಿ ತಂಡ ಬಳಸಿದ ಕ್ರಮವನ್ನೇ ನಾನು ಬೆಂಗಳೂರಿನ ಲ್ಯಾಬೊಂದರಲ್ಲಿ ಪಿಎಚ್‌ಡಿಗಾಗಿ ಮಾಡಿದೆ.

ಎಣಿಸಿದ ಮೇಲೆ ಗೊತ್ತಾಗಿದ್ದು, ಗೂಡಲ್ಲಿ ಎಲ್ಲ ತಾಯಂದಿರೂ ಕಳೆಯುವ ಹೊತ್ತು ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸವಿರುವುದು ನೆಕ್ಕುವುದರಲ್ಲಿ.

ಮೊದಲ ಬ್ಯಾಚ್ ನನ್ನಿಂದಲೇ ಹಾಳಾಯಿತು. ಮೂರನೇ ದಿನ ವಾಸನೆ ಅಂತ ಪಂಜರದಲ್ಲಿ ಹಾಸಿದ್ದ ಭತ್ತದ ಹೊಟ್ಟು ಬದಲಾಯಿಸಿಬಿಟ್ಟೆ. ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಮೂಲೆಯಿಂದ ಮೂಲೆಗೆ ಓಡಾಡಿದಳು. ಫೋನಲ್ಲಿ ಹೇಳಿದರೆ ಅಜ್ಜಿ, "ಬಾಣಂತಿ ಕೋಣೇಲಿ ನಿಂಗೇನೋ ಕೆಲಸ?" ಅಂದರು. ಸರಿಯೇ.

ಆಮೇಲೆ ಹೆಚ್ಚು ನೆಕ್ಕುವವಳ ಮರಿಗಳನ್ನೂ ಕಮ್ಮಿ ನೆಕ್ಕುವವಳ ಮರಿಗಳನ್ನೂ ಅದಲುಬದಲು ಮಾಡುವ ಕೆಲಸ. ಹುಟ್ಟಿದ 12 ಗಂಟೆಯೊಳಗೆ, ಒಂದು ಗೂಡಿನ 12 ಮರಿಗಳಲ್ಲಿ ಎರಡನ್ನು ಮಾತ್ರ. ಮುಟ್ಟುವ ಮೊದಲು ಗ್ಲೌಸನ್ನು ಸಾಕುತಾಯಿಯ ಹೊಟ್ಟಿನಲ್ಲಿ ಚೆನ್ನಾಗಿ ಉಜ್ಜಿಕೊಳ್ಳುತ್ತಿದ್ದೆ. ಬಾಲಕ್ಕೆ ಹಾಕಿದ ಮಾರ್ಕರ್ ಗುರುತನ್ನು ಹೆಚ್ಚು ನೆಕ್ಕುವವಳು ಬೆಳಗಾಗುವಷ್ಟರಲ್ಲಿ ಅಳಿಸಿರುತ್ತಿದ್ದಳು! ಮತ್ತೆ ಬರೆಯಲು ಮರಿ ಎತ್ತಬೇಕು. ಎತ್ತಿ ವಾಪಸ್ ಇಟ್ಟ ಮರಿಯನ್ನು ತಾಯಿ ಇನ್ನಷ್ಟು ನೆಕ್ಕುತ್ತಾಳೆ, ಲೆಕ್ಕವೇ ಕೆಡುತ್ತದೆ. ಹಾಗಾಗಿ ಬೇಕಿರಲಿ ಬಿಡಲಿ, ಎಲ್ಲ ಗೂಡಿನ ಮರಿಗಳನ್ನೂ ಅಷ್ಟಷ್ಟೇ ಹೊತ್ತು ಎತ್ತಿ ಇಡುತ್ತಿದ್ದೆ.

ಹೆಣ್ಣುಮರಿಗಳು ಬೆಳೆದು ಗಬ್ಬವಾಗುವವರೆಗೆ ಮೂರು ತಿಂಗಳು ಕಾಯಬೇಕು.

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅನ್ನುತ್ತೇವಲ್ಲ, ಇಲ್ಲಿ ತಾಯಿ ಯಾರು? ಮೀನಿ ತಂಡ 1999ರಲ್ಲೇ ತೋರಿಸಿತ್ತು, ಮಗಳು ಹೋಲುವುದು ಸಾಕಿದವಳನ್ನು. ಹೆಚ್ಚು ನೆಕ್ಕಿಸಿಕೊಂಡು ಬೆಳೆದವಳ ಮೆದುಳಿನಲ್ಲಿ, ಹೈಪೋಥಲಾಮಸ್ ಎಂಬ ಜಾಗದ ಒಂದು ಭಾಗದಲ್ಲಿ, ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಗ್ರಾಹಕಗಳು ಜಾಸ್ತಿ. ಹೆರಿಗೆ ಹೊತ್ತಿಗೆ, ಮರಿ ಆರೈಕೆಗೆ ಪ್ರೇರೇಪಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನಿಗೆ ಆ ಮೆದುಳು ಚೆನ್ನಾಗಿ ಓಗೊಡುತ್ತದೆ. ನನ್ನ ಇಲಿಗಳೂ ಬಹುತೇಕ ಆ ದಾರಿಯನ್ನೇ ಹಿಡಿದವು.

ಒಬ್ಬಳು ಮಾತ್ರ ಲೆಕ್ಕದಿಂದ ಹೊರಗುಳಿದಳು. ಹೆತ್ತವಳು ನೆಕ್ಕುತ್ತಿದ್ದುದೇ ಅಪರೂಪ, ಸಾಕಿದವಳು ಸದಾ ನೆಕ್ಕುತ್ತಿದ್ದಳು. ಇವಳು ಹೆತ್ತಿದ್ದು ಮೂರೇ ಮರಿ. ಅಷ್ಟು ಚಿಕ್ಕ ಗೂಡನ್ನು ಬೇರೆಯವುಗಳ ಜೊತೆ ಹೋಲಿಸುವಂತಿಲ್ಲ. ಆದರೂ ಆರು ದಿನ ಎದುರು ಕೂತೆ. ನೆಕ್ಕಿದ ಗುರುತು ಅತಿ ಹೆಚ್ಚು ಬಿದ್ದಿರುವುದು ಅವಳ ಹಾಳೆಯಲ್ಲೇ. ಮೂರೇ ಮರಿ ಇದ್ದುದಕ್ಕೋ, ಸಾಕಿದವಳ ಗುಣಕ್ಕೋ, ಆ ಹಾಳೆಯಿಂದ ಹೇಳಲಾಗದು.