ಬಿಡಿಬಿಡಿಯಾಗಿ ಬಾರಿಸಿದ ಡ್ರಮ್ಸ್, ಎರಡನೆಯ ಅಕ್ಷರದ ಪ್ರಾಸ: ನಮ್ಮ ಆಲ್ಬಮ್ ಆದ ಬಗೆ

ನಮ್ಮ ಪೋಸ್ಟ್-ಪಂಕ್ (ಪಂಕ್ ರಾಕ್ ಬೆನ್ನಿಗೆ ಹುಟ್ಟಿದ ಸಂಗೀತ) ಬ್ಯಾಂಡಿನ ಕನ್ನಡ ಆಲ್ಬಮ್ಮಿನ ಕೊನೆಯ ಕ್ಯಾಸೆಟ್ ಕಳೆದ ತಿಂಗಳು ಮಾರಾಟವಾಯಿತು. ಡ್ರಮ್ಸನ್ನು ಒಂದೊಂದಾಗಿ ಬಾರಿಸಿ ರೆಕಾರ್ಡ್ ಮಾಡುತ್ತೇವೆ ಎಂದಾಗ ಬೆಂಗಳೂರಿನ ಬ್ಯಾಂಡುಗಳ ಗೆಳೆಯರಲ್ಲಿ ಹೆಚ್ಚಿನವರು ಬೇಡವೆಂದಿದ್ದರು. ಹಾಡಿನಲ್ಲಿ ಜೀವ ಉಳಿಯುವುದಿಲ್ಲ ಎಂಬುದು ಒಂದು ಆಕ್ಷೇಪ, ಕನ್ನಡ ಈ ಬಗೆಯ ಸಂಗೀತಕ್ಕೆ ಒಗ್ಗುವುದಿಲ್ಲ ಎಂಬುದು ಇನ್ನೊಂದು. ಎರಡಕ್ಕೂ ಈಗ ಉತ್ತರ ಸಿಕ್ಕಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ವಿಧಾನ ನಮ್ಮದಲ್ಲ. 1979ರ ಏಪ್ರಿಲ್‌ನಲ್ಲಿ ಸ್ಟಾಕ್‌ಪೋರ್ಟಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಇಂಗ್ಲೆಂಡಿನ ಪೋಸ್ಟ್-ಪಂಕ್ ಬ್ಯಾಂಡ್ ಜಾಯ್ ಡಿವಿಷನ್ ತನ್ನ ಮೊದಲ ಆಲ್ಬಮ್ ಮಾಡಿದಾಗ ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಡ್ರಮ್ಸನ್ನು ಬಿಡಿಬಿಡಿಯಾಗಿ ಬಾರಿಸಲು ಹೇಳಿ, ಅವುಗಳ ಸದ್ದನ್ನು ಎಎಂಎಸ್ ಡಿಜಿಟಲ್ ಡಿಲೇ ಎಂಬ, ಸದ್ದನ್ನು ತಡಮಾಡಿ ಮರುಕಳಿಸುವ ಯಂತ್ರದಲ್ಲಿ ಹಾಯಿಸಿದ್ದು ನಮ್ಮಂಥವರಿಗೆಲ್ಲ ಗೊತ್ತಿರುವ ಕಥೆ. ಹಾಗೆ ಏಕೆ ಮಾಡಿದರು ಎಂಬುದು ಮಾತ್ರ ನನಗೆ ಹಣ ಕಳೆದುಕೊಂಡ ಮೇಲೆಯೇ ಅರ್ಥವಾಯಿತು.

ಮೊದಲ ಪ್ರಯತ್ನ ಗಂಟೆಗೆ ಸುಮಾರು 900 ರೂಪಾಯಿಯ ಒಂದು ಸ್ಟುಡಿಯೋದಲ್ಲಿ ನಡೆಯಿತು. ನಾಲ್ಕು ದಿನ ಎಲ್ಲರೂ ಒಟ್ಟಿಗೆ ನುಡಿಸಿ ಆರು ಹಾಡು ಮುಗಿಸಿದೆವು. ಊಟ, ಓಡಾಟ ಸೇರಿ ಮೂವತ್ತೈದು ಸಾವಿರದಷ್ಟು ಖರ್ಚಾಯಿತು. ಮನೆಗೆ ತಂದು ಸ್ನೇರಿಗೆ (ಚಟ್ ಎಂದು ಸದ್ದು ಕೊಡುವ ಡ್ರಮ್ಮಿಗೆ) ಎಕೋ ಹಾಕಿದರೆ, ಆ ಮೈಕಿಗೆ ಸೋರಿದ್ದ ಹೈ-ಹ್ಯಾಟ್ (ಜೋಡಿ ತಾಳ) ಕೂಡ ಎಕೋದೊಂದಿಗೆ ಎರಡು ಪಟ್ಟು, ಮೂರು ಪಟ್ಟಾಗಿ, ತಗಡಿನ ಮೇಲೆ ಮರಳು ಸುರಿದಂತೆ ಕೇಳಿಸಿತು. ಸಣ್ಣ ಸದ್ದನ್ನು ತಡೆಯುವ ಗೇಟ್ ಹಾಕಿದರೆ ಸ್ನೇರಿನ ಸದ್ದಿನ ಬಾಲವೇ ತುಂಡಾಗುತ್ತಿತ್ತು. ಎರಡು ತಿಂಗಳು ಹೆಣಗಿ ಆರೂ ಹಾಡುಗಳನ್ನು ಕೈಬಿಟ್ಟೆವು.

ಎರಡನೆಯ ಸಲ ನಮ್ಮ ಮನೆಯ ಹನ್ನೆರಡು ಅಡಿಗೆ ಹತ್ತು ಅಡಿಯ ಕೋಣೆಯಲ್ಲಿ, ಗೋಡೆಗೆ ಹಾಸಿಗೆಗಳನ್ನು ಒರಗಿಸಿ, ಮೊದಲು ಕಾಲಿನಿಂದ ಬಾರಿಸುವ ಕಿಕ್, ಆಮೇಲೆ ಸ್ನೇರ್, ಕೊನೆಗೆ ಹೈ-ಹ್ಯಾಟ್ ಎಂದು ಹಿಡಿದೆವು. ಬರೀ ಸ್ನೇರ್ ಬಾರಿಸುವಾಗ ಡ್ರಮ್ಮರನ ಬಲಗೈಗೆ ಕೆಲಸವಿಲ್ಲದೆ ಲಯ ಜಾರುತ್ತಿತ್ತು. ಹೈ-ಹ್ಯಾಟ್ ಇರಬೇಕಾದ ಜಾಗದಲ್ಲಿ ಮಡಿಸಿದ ಕಂಬಳಿಯನ್ನಿಟ್ಟು ಅದರ ಮೇಲೆ ಬಾರಿಸು ಎಂದ ಮೇಲೆ ಕೈ ತನ್ನ ಅಭ್ಯಾಸಕ್ಕೆ ಮರಳಿತು. ಮೂರು ನಿಮಿಷದ ಒಂದು ಹಾಡಿಗೆ ಆರೇಳು ಗಂಟೆ ಹಿಡಿಯುತ್ತಿತ್ತು. ಎಕೋಗಾಗಿ ಸ್ನೇರಿನ ಟ್ರ್ಯಾಕನ್ನು ಗೆಳೆಯನ ಅಪಾರ್ಟ್‌ಮೆಂಟಿನ ಮೆಟ್ಟಿಲ ಬುಡದಲ್ಲಿ ಸ್ಪೀಕರಿನಿಂದ ನುಡಿಸಿ, ಮೂರನೆಯ ಮಹಡಿಯಲ್ಲಿ ಮೈಕ್ ಇಟ್ಟು, ರಾತ್ರಿ ಎರಡು ಗಂಟೆಗೆ ಹಿಡಿದೆವು. ಮೈಕನ್ನು ಎತ್ತ ತಿರುಗಿಸಿದೆವು, ಮುಂದೆ ಏನನ್ನು ತೂಗುಹಾಕಿದೆವು ಎಂಬುದು ಮುಂದಿನ ಆಲ್ಬಮ್ಮಿಗೂ ಬೇಕಾಗಿರುವುದರಿಂದ ಇಲ್ಲಿ ಹೇಳುವುದಿಲ್ಲ.

ನಾನು ಬೇಸ್ ಗಿಟಾರ್ ನುಡಿಸುವವನು. ಗಿಟಾರಿನ ಕೊರಳಿನ ಒಂಬತ್ತನೆಯ ಫ್ರೆಟ್ಟಿನಿಂದ (ಮನೆಯಿಂದ) ಮೇಲೆಯೇ ಇಡೀ ರಾಗವನ್ನು ಹಿಡಿದು, ಕೆಳಗಿನ ಸ್ವರಗಳ ಜಾಗವನ್ನು ಕಿಕ್ಕಿಗೆ ಬಿಟ್ಟುಕೊಟ್ಟೆ. ಗಿಟಾರಿನದು ಮಾತ್ರ ಬೇರೆ ಗೋಳು. ಕರೆಂಟ್ ಹೋಗಿ ಇನ್ವರ್ಟರ್ ಬಂತೆಂದರೆ ತಂತಿಯ ಸದ್ದನ್ನು ಹಿಡಿಯುವ ಸಿಂಗಲ್ ಕಾಯಿಲ್ ಪಿಕಪ್ಪುಗಳು ಜೇನುಗೂಡಿನಂತೆ ಗುಂಯ್‌ಗುಡುತ್ತಿದ್ದವು. ಗಿಟಾರ್ ಹಿಡಿದು ಕುರ್ಚಿಯಲ್ಲೇ ನಿಧಾನವಾಗಿ ತಿರುಗುತ್ತ ಹೋದರೆ ಒಂದು ದಿಕ್ಕಿನಲ್ಲಿ ಆ ಸದ್ದು ಬಹುಮಟ್ಟಿಗೆ ಅಡಗುತ್ತದೆ. ಆ ದಿಕ್ಕಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಂಡಿದ್ದೆವು.

ಒಂದು ಹಾಡಿನಲ್ಲಿ ಸಿಂಥ್ ಡ್ರಮ್ಮಿನ (ಯಂತ್ರದ ಡ್ರಮ್ಮಿನ) ಬದಲು ತಮಟೆಯನ್ನು ಬಳಸಿ ನೋಡಿದೆವು. ಮಳೆಗಾಲದ ಥಂಡಿಗೆ ತಮಟೆಯ ಚರ್ಮ ಹತ್ತು ನಿಮಿಷಕ್ಕೆಲ್ಲ ಸಡಿಲವಾಗುತ್ತಿದ್ದುದರಿಂದ, ತಾರಸಿಗೆ ಓಡಿ ಹಳೆಯ ಪೇಪರ್ ಉರಿಸಿ ಕಾಯಿಸಿ ತಂದು, ಬಿಸಿ ಆರುವ ಮೊದಲೇ ಒಂದು ಟೇಕ್ ಮುಗಿಸಬೇಕಿತ್ತು. ಕಾದ ತಮಟೆಯ ಆ ಒಣ ಪೆಟ್ಟಿಗೆ ಸಮನಾದ ಸದ್ದು ನನಗೆ ಯಾವ ಯಂತ್ರದಲ್ಲೂ ಸಿಕ್ಕಿಲ್ಲ. ಡೊಳ್ಳನ್ನೂ ಪ್ರಯತ್ನಿಸಿದೆವು, ಆದರೆ ಅದರ ಗುಂಗು ಕಿಕ್ಕನ್ನು ನುಂಗಿಹಾಕಿತು.

ಇನ್ನು ಭಾಷೆಯ ವಿಷಯ. ಕನ್ನಡದ ಮಾತುಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ, ಹಾಗಾಗಿ ಅಂತ್ಯಪ್ರಾಸದ ಮೇಲೆ ಎಕೋ ಹಾಕಿದರೆ ಸಾಲುಗಳೆಲ್ಲ ಒಂದರೊಳಗೊಂದು ಕರಗಿಹೋಗುತ್ತವೆ. ನಮ್ಮ ಮೊದಲ ಆರು ಹಾಡುಗಳು ಸೋತದ್ದಕ್ಕೆ ಇದೂ ಒಂದು ಕಾರಣ. ಆಮೇಲೆ ಹಳಗನ್ನಡ ಕಾವ್ಯದ ಆದಿಪ್ರಾಸಕ್ಕೆ ಹೋದೆವು. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವ ಆ ಕ್ರಮದಲ್ಲಿ ಸಾಲನ್ನು ಮೊದಲ ಎಣಿಕೆಗೆ ಎತ್ತಿಕೊಂಡರೆ, ಪ್ರಾಸಾಕ್ಷರ ಸರಿಯಾಗಿ ಎರಡನೆಯ ಎಣಿಕೆಯ ಸ್ನೇರಿನ ಮೇಲೆ ಬೀಳುತ್ತದೆ. ಅಲ್ಲಿ ಒತ್ತಕ್ಷರವಿದ್ದರಂತೂ ಮಾತೂ ಪೆಟ್ಟೂ ಒಂದೇ ಆಗುತ್ತದೆ. ಪ್ರಾಸದ ಜಾಗವನ್ನು ಎಕೋ ಇಲ್ಲದೆ ಒಣಗಿಸಿಟ್ಟು, ಸಾಲಿನ ಕೊನೆಯ ಸ್ವರಕ್ಕೆ ಮಾತ್ರ ಎಕೋ ಕೊಟ್ಟೆವು. ಇದು ನಮ್ಮದೇ ಶೋಧ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ.

ಮಿಕ್ಸ್ ಮುಗಿದ ದಿನ ಡ್ರಮ್ಮರ್ ಕೇಳಿ, "ಇದು ನಾನು ಬಾರಿಸಿದ್ದೇ ಅಲ್ಲ ಮಗಾ" ಎಂದು ಎದ್ದುಹೋದ. ಜಾಯ್ ಡಿವಿಷನ್ನಿನ ಪೀಟರ್ ಹುಕ್ ಮತ್ತು ಬರ್ನಾರ್ಡ್ ಸಮ್ನರ್ ಅವರಿಗೂ ಹ್ಯಾನೆಟ್ ಮಾಡಿದ್ದು ಮೊದಲು ಹಿಡಿಸಿರಲಿಲ್ಲ ಎಂಬುದನ್ನು ನೆನೆದು ನಾನು ಏನನ್ನೂ ಬದಲಿಸಲಿಲ್ಲ. ಅಮ್ಮ ಅಡುಗೆಮನೆಯಿಂದಲೇ ಕೇಳಿಸಿಕೊಂಡು, "ಯಾರೋ ಬಾವಿಯೊಳಗಿಂದ ಕರೆದ ಹಾಗಿದೆ ಕಣೋ, ಆದರೆ ಮಾತು ಪೂರ್ತಿ ತಿಳಿಯುತ್ತೆ" ಎಂದರು. ನನಗೆ ಬೇಕಿದ್ದದ್ದು ಅದೇ.

ಎರಡೂ ಪ್ರಯತ್ನಗಳು, ಮಾಸ್ಟರಿಂಗ್, ನೂರು ಕ್ಯಾಸೆಟ್ ಎಲ್ಲ ಸೇರಿ ಒಂದು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು ಖರ್ಚಾಗಿದೆ. ಕ್ಯಾಸೆಟ್ ಒಂದಕ್ಕೆ 400 ರೂಪಾಯಿಯಂತೆ ನಾಲ್ಕು ತಿಂಗಳಲ್ಲಿ ಎಲ್ಲವೂ ಹೋದವು. ಡೌನ್‌ಲೋಡ್, ಎರಡು ಕಾರ್ಯಕ್ರಮಗಳ ಟಿಕೆಟ್ ಸೇರಿಸಿದರೂ ಮೂವತ್ತು ಸಾವಿರದಷ್ಟು ಇನ್ನೂ ಹುಟ್ಟಿಲ್ಲ. ಮೊದಲ ಕಾರ್ಯಕ್ರಮಕ್ಕೆ ಬಂದ ಅರವತ್ತು ಜನರಲ್ಲಿ, ಕನ್ನಡ ಒಗ್ಗುವುದಿಲ್ಲ ಎಂದಿದ್ದ ಗಿಟಾರ್ ವಾದಕರೊಬ್ಬರೂ ಇದ್ದರು. ಮೂರನೆಯ ಹಾಡಿನ ಹೊತ್ತಿಗೆ ಅವರು ಎರಡನೆಯ ಅಕ್ಷರಕ್ಕೆ ಸರಿಯಾಗಿ ತಲೆಯಾಡಿಸುತ್ತಿದ್ದುದನ್ನು ವೇದಿಕೆಯ ಮೇಲಿಂದ ನೋಡಿದೆ. ಇನ್ನೂ ಐವತ್ತು ಕ್ಯಾಸೆಟ್ಟುಗಳಿಗೆ ಮುಂಗಡ ಕೊಟ್ಟಿದ್ದೇವೆ, ಡ್ರಮ್ಮರ್ ತನ್ನ ಪಾಲಿನ ಹಣವನ್ನು ತಾನಾಗಿಯೇ ತಂದುಕೊಟ್ಟಿದ್ದಾನೆ.